ಅಟ್ಟದ ಮೇಲೆ ಸಿಕ್ಕ ವಾಲ್ವ್ ರೇಡಿಯೋ, ಗಾಜಿನ ಮೇಲೆ ಮೂರು ಕೆಂಪು ಚುಕ್ಕೆ: ಇವು ಯಾವ ಸ್ಟೇಷನ್‌ಗಳು?

ಅಟ್ಟದ ಇಲಿ
ಭಾನುವಾರ, ಬೆಳಗ್ಗೆ 9.10

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮ ಹಳೆಯ ಮನೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕೆಂದು ಅಟ್ಟ ಖಾಲಿ ಮಾಡುವಾಗ, ಅಡಿಕೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಅಜ್ಜಯ್ಯನ ರೇಡಿಯೋ ಸಿಕ್ಕಿತು. ಮರದ ಪೆಟ್ಟಿಗೆ, ಮುಂದೆ ಚಿನ್ನದ ಬಣ್ಣದ ಬಟ್ಟೆ, ಕೆಳಗೆ ಗಾಜಿನ ಡಯಲ್. ಕಂಪನಿಯ ಹೆಸರಿನ ಪಟ್ಟಿ ಉದುರಿಹೋಗಿದೆ. ಹಿಂಬದಿಯ ರಟ್ಟು ತೆಗೆದರೆ ಇಲಿಯ ಗೂಡು (ನನ್ನ ಬಳಗದವರೇ), ಅದರ ಪಕ್ಕ ಮಡಚಿಟ್ಟ ಲೈಸೆನ್ಸ್ ಪುಸ್ತಕ. ಅಂಚೆ ಕಚೇರಿಯ ಮೊಹರಿನ ಕೆಳಗೆ ವರ್ಷ ವರ್ಷವೂ 15 ರೂಪಾಯಿಯ ಚೀಟಿ ಅಂಟಿಸಿದ್ದಾರೆ. ರೇಡಿಯೋ ಕೇಳಲು ಲೈಸೆನ್ಸ್ ಬೇಕಿತ್ತು ಎಂದರೆ ನನ್ನ ಮಗಳು ನಂಬಲೇ ಇಲ್ಲ.

ಧೈರ್ಯ ಮಾಡಿ ಪ್ಲಗ್ ಹಾಕಿದೆ. ಅರ್ಧ ನಿಮಿಷದ ನಂತರ ಒಳಗೆ ನಸುಗೆಂಪು ಬೆಳಕು, ಆಮೇಲೆ ದುಂಬಿ ಹೊಕ್ಕಂತೆ ಗುಂಯ್ ಎಂಬ ಸದ್ದು. ಅಷ್ಟೇ.

ನನ್ನ ಪ್ರಶ್ನೆ ಎರಡು. ಇದನ್ನು ರಿಪೇರಿ ಮಾಡಿಸಬಹುದೇ? ಮತ್ತೊಂದು, ಡಯಲ್ ಗಾಜಿನ ಮೇಲೆ ಕೈಯಿಂದ ಇಟ್ಟ ಮೂರು ಕೆಂಪು ಚುಕ್ಕೆಗಳಿವೆ. ಮೀಡಿಯಂ ವೇವ್ ಸಾಲಿನಲ್ಲಿ 440 ಮತ್ತು 450 ಮೀಟರ್ ನಡುವೆ ಒಂದು, 400ಕ್ಕಿಂತ ಸ್ವಲ್ಪ ಕೆಳಗೆ ಇನ್ನೊಂದು. ಮೂರನೆಯದು ಶಾರ್ಟ್ ವೇವ್‌ನಲ್ಲಿ, ಸರಿಯಾಗಿ 25ರ ಮೇಲೆ. ಅಜ್ಜಯ್ಯ ಏನನ್ನು ಗುರುತು ಮಾಡಿಕೊಂಡಿದ್ದರು?

ಸೀರೀಸ್ ಬಲ್ಬ್
ಭಾನುವಾರ, ಬೆಳಗ್ಗೆ 9.32

ಮೊದಲು ಪ್ಲಗ್ ಕಿತ್ತಿಡಿ. ಉಳಿದದ್ದು ಆಮೇಲೆ. ಮೂವತ್ತು ವರ್ಷ ಮಲಗಿದ್ದ ಸೆಟ್ಟಿಗೆ ನೇರವಾಗಿ 230 ವೋಲ್ಟ್ ಕೊಡುವುದೆಂದರೆ, ಬಾಣಂತಿಯನ್ನು ಎಬ್ಬಿಸಿ ಗದ್ದೆ ನೆಟ್ಟಿಗೆ ಕಳಿಸಿದಂತೆ. ಒಳಗೆ ಬೆಳಗುವ ಗಾಜಿನ ಬುರುಡೆಗಳೇ ವಾಲ್ವ್‌ಗಳು, ಅವುಗಳ ಮೇಲೆ ಅಕ್ಷರ ಉಳಿದಿದ್ದರೆ ಓದಿ ಹೇಳಿ. ಶಿವಮೊಗ್ಗದಲ್ಲಿ ಇಪ್ಪತ್ತೆಂಟು ವರ್ಷ ರೇಡಿಯೋ ಅಂಗಡಿ ಇಟ್ಟಿದ್ದವನು ನಾನು. ಈಗ ಅದೇ ಮಳಿಗೆಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಹುಲಿಕಲ್ ಘಾಟಿ
ಭಾನುವಾರ, ಬೆಳಗ್ಗೆ 10.05

ಮೊದಲ ಚುಕ್ಕೆ ಸುಲಭ. 3,00,000ವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಬರುತ್ತದೆ. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್, ಅಂದರೆ 444.4 ಮೀಟರ್. ಎರಡನೆಯದು ಧಾರವಾಡ ಇರಬೇಕು: 765 ಕಿಲೋಹರ್ಟ್ಸ್, 392 ಮೀಟರ್. ಬೆಂಗಳೂರಿನ 612ಕ್ಕೆ 490 ಮೀಟರ್ ಬಳಿ ಚುಕ್ಕೆ ಇರಬೇಕಿತ್ತು, ಇಲ್ಲ. ನಿಮ್ಮ ಅಜ್ಜನವರಿಗೆ ರಾಜಧಾನಿಯ ಹಂಗು ಇರಲಿಲ್ಲ.

ಪತ್ರಾಗಾರ
ಭಾನುವಾರ, ಬೆಳಗ್ಗೆ 10.40

ಘಾಟಿಯವರ ಲೆಕ್ಕಕ್ಕೆ ಒಂದು ಬಾಲಂಗೋಚಿ. 612, 675, 765 ಮೂರನ್ನೂ 9ರಿಂದ ಭಾಗಿಸಿ ನೋಡಿ: 68, 75, 85. ಶೇಷವೇ ಇಲ್ಲ. ಏಷ್ಯಾ, ಯುರೋಪ್, ಆಫ್ರಿಕಾ ದೇಶಗಳು 1975ರಲ್ಲಿ ಜಿನೀವಾದಲ್ಲಿ ಕೂತು, ಮೀಡಿಯಂ ವೇವ್ ಸ್ಟೇಷನ್‌ಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಜೋಡಿಸಲು ಒಪ್ಪಿಕೊಂಡವು. ಅದು ಜಾರಿಗೆ ಬಂದದ್ದು 1978ರ ನವೆಂಬರ್ 23ರಂದು. ಆಗ ಎಷ್ಟೋ ಸ್ಟೇಷನ್‌ಗಳು ತಮ್ಮ ಜಾಗದಿಂದ ಕೂದಲೆಳೆಯಷ್ಟು ಸರಿದವು. ಭದ್ರಾವತಿ ಕೇಂದ್ರ ಶುರುವಾದದ್ದು 1965ರಲ್ಲಿ. ಚುಕ್ಕೆ ಅದಕ್ಕಿಂತ ಹಿಂದಿನದಂತೂ ಅಲ್ಲ. ಆದರೆ 1978ಕ್ಕೆ ಹಿಂದಿನದೋ ಮುಂದಿನದೋ ಎಂದು ಕೇಳಬೇಡಿ, ಶಾಯಿಯ ಒಂದು ಚುಕ್ಕೆಯ ಅಗಲದಲ್ಲಿ ಎರಡೂ ಅಡಗಿಬಿಡುತ್ತವೆ.

ಸಿಗ್ನಲ್ ಇಲ್ಲ
ಭಾನುವಾರ, ಬೆಳಗ್ಗೆ 11.15

ತಪ್ಪು ತಿಳಿಯಬೇಡಿ. ಆಕಾಶವಾಣಿಯ ಆಪ್ ಇದೆ, ಮೊಬೈಲ್‌ನಲ್ಲಿ ಭದ್ರಾವತಿಯೂ ಬರುತ್ತದೆ, ಧಾರವಾಡವೂ ಬರುತ್ತದೆ, ಗೊರಗೊರ ಇಲ್ಲದೆ ಸ್ವಚ್ಛವಾಗಿ ಬರುತ್ತದೆ. ಈ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿದು ಏನು ಸಾಧಿಸಿದ ಹಾಗಾಯಿತು? ತೊಳೆದು ಒರೆಸಿ ಜಗುಲಿಯಲ್ಲಿ ಇಡಿ, ಬಂದವರು ಫೋಟೋ ತೆಗೆದುಕೊಳ್ಳಲಿ.

ತುಂಗಾ ತೀರ
ಭಾನುವಾರ, ಮಧ್ಯಾಹ್ನ 12.20

ನಿಮ್ಮ ಹೆಸರೇ 'ಸಿಗ್ನಲ್ ಇಲ್ಲ', ಆಪ್ ಬಗ್ಗೆ ನೀವೇ ಹೇಳುತ್ತೀರಲ್ಲ!

ನಾನು ಹುಟ್ಟಿ ಬೆಳೆದದ್ದು ಸಾಗರದ ಕಡೆ ಹಳ್ಳಿಯಲ್ಲಿ. ನಿವೃತ್ತ ಶಿಕ್ಷಕಿ, ಈಗ ಶಿವಮೊಗ್ಗದಲ್ಲಿದ್ದೇನೆ. ನಮ್ಮಲ್ಲಿ ರೇಡಿಯೋ ಎಂದರೆ ಅಡಿಕೆ ಸುಲಿಯುವ ರಾತ್ರಿಗಳು. ಕೊಯ್ಲಾದ ಹಸಿ ಅಡಿಕೆಯನ್ನು ಹಾಗೇ ಬಿಡುವಂತಿಲ್ಲ, ದಿನದ ರಾಶಿ ದಿನವೇ ಮುಗಿಯಬೇಕು. ಅಂಗಳದ ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಹತ್ತು ಹದಿನೈದು ಜನ, ನಡುವೆ ಲಾಟೀನು, ಜಗುಲಿಯ ಕಿಟಕಿಯಲ್ಲಿ ರೇಡಿಯೋ. ಯಕ್ಷಗಾನದ ಪ್ರಸಂಗ ಬಂದ ದಿನ ಕತ್ತಿಯ ಸದ್ದು ಭಾಗವತರ ತಾಳಕ್ಕೆ ಹೊಂದಿಕೊಂಡುಬಿಡುತ್ತಿತ್ತು. ಹರಟೆ ಬೇಕಾದವರು ಹರಟಿದರು, ಬೇಡವಾದವರು ಕೇಳಿದರು, ಕೈ ಮಾತ್ರ ಯಾರದೂ ನಿಲ್ಲಲಿಲ್ಲ. ಮಾರನೆಯ ದಿನ ಅಡಿಕೆ ಧಾರಣೆ ಹೇಳುವಾಗ ಮಾತ್ರ ಮನೆಯಲ್ಲಿ ಪಿಟ್ ಎನ್ನುವಂತಿರಲಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಒಂದೊಂದೇ ತರದ ಬೆಲೆ ಓದುವ ಆ ದನಿ ಮನೆಯ ಮದುವೆ ಮುಂದೂಡಿದ್ದೂ ಉಂಟು, ಗೊತ್ತು ಮಾಡಿದ್ದೂ ಉಂಟು.

ಬೆಳಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆ. 'ಇಯಂ ಆಕಾಶವಾಣೀ' ಎಂದ ಕೂಡಲೇ ಅಮ್ಮ ನನ್ನ ಜಡೆಗೆ ಕೈ ಹಾಕುತ್ತಿದ್ದಳು, ವಾರ್ತೆ ಮುಗಿಯುವುದರೊಳಗೆ ಎರಡೂ ಜಡೆ ಆಗಬೇಕು. ವಾರ್ತೆ ಐದೇ ನಿಮಿಷ. ಗಡಿಯಾರಕ್ಕೆ ಕೀಲಿ ಕೊಡುವುದು ಮರೆತರೂ ಮನೆ ನಡೆಯುತ್ತಿತ್ತು.

ಅಟ್ಟದ ಇಲಿ
ಭಾನುವಾರ, ಸಂಜೆ 4.45

ಬಲ್ಬ್ ಸರ್, ಬೂತಗನ್ನಡಿ ಹಿಡಿದು ಓದಿದೆ. ಯುಸಿಎಚ್ 81, ಯುಬಿಎಫ್ 89, ಯುಸಿಎಲ್ 82, ಯುವೈ 85. ನಾಲ್ಕೇ ವಾಲ್ವ್. ಟ್ರಾನ್ಸ್‌ಫಾರ್ಮರ್ ಎಂದು ದಪ್ಪನೆಯದ್ದೇನೂ ಕಾಣುತ್ತಿಲ್ಲ, ಸ್ಪೀಕರಿನ ಹತ್ತಿರ ಒಂದು ಪುಟಾಣಿ ಇದೆ. ದೊಡ್ಡದನ್ನು ಯಾರಾದರೂ ಕದ್ದಿರಬಹುದೇ?

ಸೀರೀಸ್ ಬಲ್ಬ್
ಭಾನುವಾರ, ಸಂಜೆ 5.20

ಯಾರೂ ಕದ್ದಿಲ್ಲ, ಮೊದಲಿನಿಂದಲೂ ಇರಲಿಲ್ಲ. ಸ್ಪೀಕರಿನ ಬಳಿ ಇರುವುದು ದನಿಯದು, ಅದು ಬೇರೆ. ಹೆಸರಿನ ಮೊದಲ ಅಕ್ಷರ ನೋಡಿ. 'ಇ' ಎಂದಿದ್ದರೆ 6.3 ವೋಲ್ಟಿನ ವಾಲ್ವ್, ಅದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು. 'ಯು' ಎಂದರೆ ಎಲ್ಲ ವಾಲ್ವ್‌ಗಳ ಬಿಸಿತಂತಿಯನ್ನೂ ದೀಪಾವಳಿಯ ಸರದೀಪದ ಹಾಗೆ ಒಂದರ ಹಿಂದೆ ಒಂದು ಪೋಣಿಸಿದ ಸೆಟ್. ಹರಿಯುವ ಕರೆಂಟ್ 100 ಮಿಲಿಆಂಪ್. ಯುವೈ 85ಕ್ಕೆ 38 ವೋಲ್ಟ್, ಯುಸಿಎಲ್ 82ಕ್ಕೆ 50, ಉಳಿದ ಎರಡಕ್ಕೆ 19ರಂತೆ. ಕೂಡಿದರೆ 126. ಮಿಕ್ಕ ನೂರು ಚಿಲ್ಲರೆ ವೋಲ್ಟನ್ನು ತಿನ್ನಲು ಒಂದು ದಪ್ಪ ಡ್ರಾಪರ್ ರೆಸಿಸ್ಟರ್ ಇರುತ್ತದೆ, ಅದು ಕಾದ ಕಾವಲಿ. ಸರದಲ್ಲಿ ಒಂದು ವಾಲ್ವ್ ಹೋದರೆ ಎಲ್ಲವೂ ಕತ್ತಲೆ. ನಿಮ್ಮದರಲ್ಲಿ ಬೆಳಕು ಬಂದಿದೆ ಎಂದರೆ ನಾಲ್ಕರ ತಂತಿಯೂ ಜೀವಂತ. ಅದೃಷ್ಟ.

ಈಗ ಅಪಾಯದ ಮಾತು. ಟ್ರಾನ್ಸ್‌ಫಾರ್ಮರ್ ಇಲ್ಲದ ಕಾರಣ ಕರೆಂಟಿನ ಒಂದು ತಂತಿ ನೇರವಾಗಿ ಒಳಗಿನ ತಗಡಿಗೆ ಕೂಡಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ತಗಡಿಗೇ ಫೇಸ್. ಗುಬುಟು ಕಳಚಿ ಹೋಗಿದ್ದರೆ ಅದರ ಕಂಬಿಯನ್ನು ಬರಿಗೈಯಲ್ಲಿ ತಿರುಗಿಸಬೇಡಿ. ತಗಡಿಗೆ ಅರ್ತ್ ತಂತಿಯನ್ನು ಎಂದಿಗೂ ಕಟ್ಟಬೇಡಿ. ಮಗಳನ್ನು ದೂರ ಇಡಿ.

ಗುಂಯ್ ಸದ್ದು ಕರೆಂಟಿನ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕಂಡೆನ್ಸರಿನದು, ಒಳಗಿನ ರಸ ಒಣಗಿರುತ್ತದೆ. ಅದನ್ನು ಬದಲಿಸಿ. ಅದರ ಜೊತೆಗೆ, ಯುಸಿಎಲ್ 82ಕ್ಕೆ ದನಿ ದಾಟಿಸುವ ಮೇಣದ ಕಂಡೆನ್ಸರನ್ನು ಕಣ್ಣು ಮುಚ್ಚಿ ಕಿತ್ತುಹಾಕಿ. ಅದು ಸೋರಿದರೆ ಆ ವಾಲ್ವ್ ಕೆಂಡವಾಗಿ ಸಾಯುತ್ತದೆ. ಕಂಡೆನ್ಸರಿಗೆ ಹತ್ತಿಪ್ಪತ್ತು ರೂಪಾಯಿ, ವಾಲ್ವ್ ಹುಡುಕಲು ಊರೂರು ತಿರುಗಬೇಕು. ಕೆಲಸ ಆದ ಮೇಲೆ ಮೊದಲ ಸಲ 100 ವಾಟಿನ ಬಲ್ಬನ್ನು ಸರಣಿಯಲ್ಲಿ ಹಾಕಿ ಕರೆಂಟ್ ಕೊಡಿ. ಬಲ್ಬ್ ಝಗ್ಗೆಂದು ಪೂರ್ತಿ ಉರಿದರೆ ಒಳಗೆ ಶಾರ್ಟ್, ತಕ್ಷಣ ಆರಿಸಿ. ಮಂಕಾಗಿ ಕೆಂಪಗಿದ್ದರೆ ಕ್ಷೇಮ. ನಾನು ಈ ಹೆಸರು ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲ.

ಪತ್ರಾಗಾರ
ಭಾನುವಾರ, ರಾತ್ರಿ 8.30

ಲೈಸೆನ್ಸ್ ಪುಸ್ತಕವನ್ನು ದಯವಿಟ್ಟು ಎಸೆಯಬೇಡಿ. ಮೊದಲಿನ ಹೆಜ್ಜೆಗಳಲ್ಲಿ ಈ ದೇಶದ ರೇಡಿಯೋ ಎಡವಿದ್ದೂ ಹಣದ ವಿಷಯಕ್ಕೇ. 1927ರ ಜುಲೈ 23ರಂದು ಮುಂಬಯಿಯಲ್ಲಿ, ಮುಂದಿನ ತಿಂಗಳು ಕಲ್ಕತ್ತೆಯಲ್ಲಿ ಪ್ರಸಾರ ಶುರು ಮಾಡಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರೇ ವರ್ಷದಲ್ಲಿ ಬಾಗಿಲು ಹಾಕಿತು. ಲೈಸೆನ್ಸ್ ಹಣ ನೆಚ್ಚಿ ಕೂತರೆ ಹೊಟ್ಟೆ ತುಂಬುವಷ್ಟು ಕೇಳುಗರೇ ಇರಲಿಲ್ಲ. ಸರ್ಕಾರ ವಹಿಸಿಕೊಂಡಿತು, 1936ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು.

ಆ ಹೆಸರಿಗಿಂತ ಒಂದು ವರ್ಷ ಮುಂಚೆ ನಮ್ಮ ಮೈಸೂರಿನಲ್ಲಿ ನಡೆದದ್ದು ನನಗೆ ಹೆಚ್ಚು ಇಷ್ಟ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್, ನಿಮ್ಮ ಬಚ್ಚಲುಮನೆಯ ಹಳೆಯ ಬಲ್ಬಿಗಿಂತ ಕಡಿಮೆ. ಅದಕ್ಕೆ 'ಆಕಾಶವಾಣಿ' ಎಂದು ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂಬುದು ರೂಢಿಯ ಮಾತು. ದೇಶದ ರೇಡಿಯೋ ಅದೇ ಹೆಸರನ್ನು ತಾನು ಇಟ್ಟುಕೊಂಡದ್ದು ಐವತ್ತರ ದಶಕದಲ್ಲಿ. ಮನಃಶಾಸ್ತ್ರದ ಮೇಷ್ಟ್ರು ಪಾಠ ಬಿಟ್ಟು ತಂತಿ ಸುತ್ತುತ್ತಾ ಕೂತದ್ದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಸಿಗ್ನಲ್ ಇಲ್ಲ
ಸೋಮವಾರ, ಬೆಳಗ್ಗೆ 7.50

ಮೇಡಂ, ಹೆಸರಿನ ವಿಷಯ ಒಪ್ಪಿದೆ. ನಮ್ಮೂರು ಹೊಸನಗರದ ಹತ್ತಿರ, ಮನೆ ಕಣಿವೆಯಲ್ಲಿ, ಫೋನ್ ಮಾಡಬೇಕಾದರೆ ಗುಡ್ಡದ ಮೇಲಿನ ಹಲಸಿನ ಮರದ ಬುಡಕ್ಕೆ ಹೋಗಬೇಕು. ಆದರೂ ಕೇಳುತ್ತೇನೆ: ಭದ್ರಾವತಿಗೆ 103.5ರಲ್ಲಿ ಎಫ್‌ಎಂ ಇದೆ. ಧ್ವನಿಯೂ ಚೆನ್ನ. ಈ ಗೊರಗೊರ ಮೀಡಿಯಂ ವೇವ್ ಯಾರಿಗೆ ಬೇಕು?

ಹುಲಿಕಲ್ ಘಾಟಿ
ಸೋಮವಾರ, ಬೆಳಗ್ಗೆ 9.00

ನಿಮಗೇ ಬೇಕು! ನಿಮ್ಮ ಕಣಿವೆಯಲ್ಲಿ ಆ ಎಫ್‌ಎಂ ಬರುತ್ತದೆಯೇ, ಮೊದಲು ಹೇಳಿ.

103.5 ಮೆಗಾಹರ್ಟ್ಸ್ ಅಲೆಯ ಉದ್ದ ಮೂರು ಮೀಟರಿಗಿಂತ ಸ್ವಲ್ಪ ಕಡಿಮೆ. 675 ಕಿಲೋಹರ್ಟ್ಸ್ ಅಲೆಯದು 444 ಮೀಟರ್. ಎಫ್‌ಎಂ ಹೆಚ್ಚುಕಡಿಮೆ ಟಾರ್ಚ್ ಬೆಳಕಿನ ಹಾಗೆ, ಅಡ್ಡ ಗುಡ್ಡ ಬಂದರೆ ಅದರ ಹಿಂದೆ ನೆರಳು. ಮೀಡಿಯಂ ವೇವ್ ನೆರೆಯ ನೀರಿನ ಹಾಗೆ, ನೆಲವನ್ನೇ ತಬ್ಬಿಕೊಂಡು ಗುಡ್ಡ ಹತ್ತಿ ಇಳಿಯುತ್ತದೆ. ಮಲೆನಾಡಿನಲ್ಲಿ ಮನೆಗಳಿರುವುದು ಗುಡ್ಡದ ತುದಿಯಲ್ಲಲ್ಲ, ನೀರಿರುವ ತೋಟದ ತಗ್ಗಿನಲ್ಲಿ. ಕಾರಿನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟಾಗಲೆಲ್ಲ ನಾನು ಇದನ್ನು ನೋಡಿದ್ದೇನೆ. ಗಾಜನೂರು ದಾಟುವವರೆಗೆ ಎಫ್‌ಎಂ ಹಾಡು ಜೇನಿನಂತಿರುತ್ತದೆ, ಮಂಡಗದ್ದೆಯ ತಿರುವುಗಳಲ್ಲಿ ಬಿಟ್ಟು ಬಿಟ್ಟು ಬರುತ್ತದೆ, ಆಮೇಲೆ ಬರಿಯ ಶ್ ಶ್. ಬಯಲುಸೀಮೆಯವರಿಗೆ ಎಫ್‌ಎಂ ಒಂದೇ ಸಾಕು ಎನ್ನಿಸಿದರೆ ಆಶ್ಚರ್ಯವಿಲ್ಲ. ಅವರ ನೆಲ ಚಪ್ಪಟೆ.

ಮೀಡಿಯಂ ವೇವ್‌ನ ದೋಷವನ್ನೂ ಹೇಳಬೇಕು. 9 ಕಿಲೋಹರ್ಟ್ಸ್‌ನ ಕಿರಿದಾದ ಓಣಿಯಲ್ಲಿ ಕೊಳಲಿನ ಮೇಲಿನ ಸ್ವರಗಳು ಹಿಡಿಸುವುದಿಲ್ಲ, ಎಲ್ಲವೂ ಕಂಬಳಿ ಹೊದ್ದು ಹಾಡಿದಂತೆ. ಎಫ್‌ಎಂನಲ್ಲಿ 15 ಕಿಲೋಹರ್ಟ್ಸ್‌ವರೆಗಿನ ಸ್ವರ ಸಲೀಸು. ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ವಿದ್ಯುತ್ತನ್ನು ಎಮ್ಮೆ ಅಕ್ಕಚ್ಚು ಕುಡಿದ ಹಾಗೆ ಕುಡಿಯುತ್ತದೆ. ಅಲೆಯ ಕಾಲು ಭಾಗದಷ್ಟು ಗೋಪುರ ಎಂದು ಲೆಕ್ಕ ಹಾಕಿದರೂ 675ಕ್ಕೆ 111 ಮೀಟರ್ ಎತ್ತರ ಬೇಕು, ಅದರ ಸುತ್ತ ನೆಲದೊಳಗೆ ತಾಮ್ರದ ತಂತಿಯ ಜೇಡರಬಲೆ. ದೇಶದಲ್ಲಿ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ಮುಚ್ಚುತ್ತಿರುವುದಕ್ಕೆ ಈ ಖರ್ಚೇ ದೊಡ್ಡ ಕಾರಣ. ನಡುದಾರಿ ಎಂದು ಡಿಆರ್‌ಎಂ ಬಂತು. ಅದೇ ಅಲೆಯ ಮೇಲೆ ಡಿಜಿಟಲ್ ಧ್ವನಿ. ಟ್ರಾನ್ಸ್‌ಮಿಟರ್‌ಗಳನ್ನೇನೋ ನಿಲ್ಲಿಸಿದರು, ಅದನ್ನು ಹಿಡಿಯುವ ಸೆಟ್ ತೀರ್ಥಹಳ್ಳಿ ಸಂತೆಯಲ್ಲಿ ಸಿಗಬೇಡವೇ? ಕೆಲವು ಕಾರುಗಳಲ್ಲಿದೆ. ತೋಟಕ್ಕೆ ಯಾರೂ ಕಾರಿನಲ್ಲಿ ಕೂತು ಔಷಧಿ ಹೊಡೆಯುವುದಿಲ್ಲ.

ತುಂಗಾ ತೀರ
ಸೋಮವಾರ, ಬೆಳಗ್ಗೆ 10.15

ಔಷಧಿ ಎಂದಿರಿ, ನೆನಪಾಯಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಅಳತೆ ನಮ್ಮಪ್ಪಯ್ಯ ಕಲಿತದ್ದು ರೇಡಿಯೋದಿಂದ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಕೃಷಿ ಕಾರ್ಯಕ್ರಮ ಕೇಳುತ್ತಾ ಕೊಟ್ಟಿಗೆಯ ಬಾಗಿಲ ಮೇಲೆ ಇದ್ದಿಲಿನಲ್ಲಿ ಬರೆದಿದ್ದರು. ಮನೆ ಪಾಲಾದಾಗ ಆ ಬಾಗಿಲು ಚಿಕ್ಕಪ್ಪನ ಪಾಲಿಗೆ ಹೋಯಿತು.

ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಮೂರು ದಿನ ಕರೆಂಟ್ ಇರುವುದಿಲ್ಲ. ಮೊದಲ ದಿನ ಸಂಜೆಗೆ ಮೊಬೈಲ್ ಟವರಿನ ಬ್ಯಾಟರಿ ಮಲಗುತ್ತದೆ, ಎರಡನೆಯ ದಿನ ಮೊಬೈಲೇ ಮಲಗುತ್ತದೆ. ಎರಡು ಸೆಲ್ಲಿನ ಟ್ರಾನ್ಸಿಸ್ಟರ್ ಮಾತ್ರ ದೇವರ ಗೂಡಿನ ಪಕ್ಕ ಕೂತು ಮಾತಾಡುತ್ತಿರುತ್ತದೆ. ಕಳೆದ ಮಳೆಗಾಲದಲ್ಲಿ ಶಾಲೆಗೆ ರಜೆ ಎಂದು ನನ್ನ ತಮ್ಮನ ಮನೆಗೆ ತಿಳಿದದ್ದು ಹಾಗೆ.

ಸಿಗ್ನಲ್ ಇಲ್ಲ
ಸೋಮವಾರ, ಮಧ್ಯಾಹ್ನ 1.05

ಘಾಟಿಯವರ ಪ್ರಶ್ನೆಗೆ ಉತ್ತರ: ಇಲ್ಲ, ಬರುವುದಿಲ್ಲ. ಹಲಸಿನ ಮರದ ಬುಡದಲ್ಲಿ ಬರುತ್ತದೆ. ಅಮ್ಮನ ಹಳೆಯ ಟ್ರಾನ್ಸಿಸ್ಟರಿನಲ್ಲಿ 675 ಮನೆಯೊಳಗೇ ಬರುತ್ತದೆ, ಇವತ್ತು ಹಾಕಿ ನೋಡಿದೆ. ಆದರೆ ಅದನ್ನು ಸ್ವಲ್ಪ ತಿರುಗಿಸಿದರೆ ದನಿ ಕ್ಷೀಣಿಸುತ್ತದೆ, ಮತ್ತೊಂದು ದಿಕ್ಕಿಗಿಟ್ಟರೆ ಸರಿಯಾಗುತ್ತದೆ. ಏಕೆ?

ಸೀರೀಸ್ ಬಲ್ಬ್
ಸೋಮವಾರ, ಮಧ್ಯಾಹ್ನ 1.30

ಒಳಗೆ ಬೆರಳುದ್ದದ ಕಪ್ಪು ಫೆರೈಟ್ ಕಡ್ಡಿ ಇದೆ, ಅದಕ್ಕೆ ತೆಳು ತಂತಿ ಸುತ್ತಿರುತ್ತಾರೆ. ಅದೇ ಏರಿಯಲ್. ಕಡ್ಡಿಯ ತುದಿ ಸ್ಟೇಷನ್ನಿನ ಕಡೆ ನೇರ ಮುಖ ಮಾಡಿದರೆ ಕಿವುಡು, ಅಡ್ಡ ಮಲಗಿದರೆ ಚುರುಕು. ನನ್ನ ಅಂಗಡಿಗೆ ಒಬ್ಬರು 'ಈ ಸೆಟ್ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ' ಎಂದು ತಂದಿದ್ದರು. ರಿಪೇರಿ ಏನೂ ಇರಲಿಲ್ಲ, ಕಾಫಿ ಕುಡಿದು ಹೋದರು.

ಅಟ್ಟದ ಇಲಿ
ಶನಿವಾರ, ಬೆಳಗ್ಗೆ 8.00

ವಾರದ ವರದಿ. ಊರಿನಲ್ಲಿ ಟಿವಿ ರಿಪೇರಿ ಮಾಡುವವರೊಬ್ಬರನ್ನು ಕೂರಿಸಿಕೊಂಡು, ಬಲ್ಬ್ ಸರ್ ಹೇಳಿದಂತೆಯೇ ಕಂಡೆನ್ಸರ್‌ಗಳನ್ನು ಬದಲಿಸಿದೆವು. ಸರಣಿ ಬಲ್ಬ್ ಮಂಕಾಗಿಯೇ ಉರಿಯಿತು. ಗುಂಯ್ ಹೋಯಿತು. ಡಯಲಿನ ದಾರ ತುಂಡಾಗಿತ್ತು, ಮೀನಿನ ಗಾಳದ ದಾರ ಹಾಕಿದೆವು. ಅಂಗಳದ ಅಡಿಕೆ ಮರದಿಂದ ಮಾಡಿಗೆ ಏರಿಯಲ್ ತಂತಿ ಎಳೆದೆ.

ಆದರೆ ಇಡೀ ಮೀಡಿಯಂ ವೇವ್ ತುಂಬ ಜರ್ರ್ ಎಂಬ ಕರ್ಕಶ ಸದ್ದು. ಸ್ಟೇಷನ್ ಯಾವುದೂ ಕೇಳಿಸದು. ಮತ್ತೇನು ಹಾಳಾಗಿದೆ?

ಹುಲಿಕಲ್ ಘಾಟಿ
ಶನಿವಾರ, ಬೆಳಗ್ಗೆ 8.25

ರೇಡಿಯೋ ಸರಿ ಇದೆ, ಹಾಳಾಗಿರುವುದು ನಿಮ್ಮ ಮನೆ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸಿ ಜೋಡಿಸುತ್ತವೆ, ಆ ಕತ್ತರಿಯ ಸದ್ದೇ ಇದು. ಅಜ್ಜಯ್ಯನ ಕಾಲದಲ್ಲಿ ಶತ್ರು ಎಂದರೆ ಗುಡುಗು ಸಿಡಿಲು ಮಾತ್ರ. ರೇಡಿಯೋದ ಲೈನ್ ಒಂದನ್ನು ಬಿಟ್ಟು ಮನೆಯ ಉಳಿದ ಎಲ್ಲವನ್ನೂ ಆರಿಸಿ. ಕತ್ತಲಾದ ಮೇಲೆ ಪ್ರಯತ್ನಿಸಿ. ಹಗಲಿನಲ್ಲಿ ವಾತಾವರಣದ ಕೆಳಪದರವೊಂದು ಮೀಡಿಯಂ ವೇವ್ ಅಲೆಯನ್ನು ಮೇಲೇರಲು ಬಿಡದೆ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದರೆ ಆ ಪದರ ಕರಗುತ್ತದೆ, ಅಲೆ ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತದೆ.

ಅಟ್ಟದ ಇಲಿ
ಭಾನುವಾರ, ಬೆಳಗ್ಗೆ 6.40

ನಿನ್ನೆ ರಾತ್ರಿ ಎಂಟಕ್ಕೆ ಎಲ್ಲ ಆರಿಸಿದೆ. ಮನೆಯಲ್ಲಿ ಉಳಿದದ್ದು ಡಯಲಿನ ಹಳದಿ ಬೆಳಕು ಒಂದೇ. ಮೊದಲ ಚುಕ್ಕೆಗೆ ಮುಳ್ಳು ತಂದೆ. ಭದ್ರಾವತಿ! ಗಂಟಲು ತುಂಬಿದ, ದುಂಡನೆಯ ದನಿ. ಎರಡನೆಯ ಚುಕ್ಕೆಯಲ್ಲಿ ಧಾರವಾಡ, ಅಲೆ ಅಲೆಯಾಗಿ ಏರುತ್ತಾ ಇಳಿಯುತ್ತಾ. ನಡುನಡುವೆ ತಮಿಳು, ತೆಲುಗು. ಮಗಳು ತಾನೇ ಗುಬುಟು ತಿರುಗಿಸುತ್ತೇನೆಂದು ಹಟ ಹಿಡಿದಳು (ಗುಬುಟು ಭದ್ರವಾಗಿದೆ ಸರ್, ಪರೀಕ್ಷಿಸಿದ್ದೇನೆ).

ಮೂರನೆಯ ಚುಕ್ಕೆಯ ಗುಟ್ಟು ಬಯಲಾದದ್ದು ದೊಡ್ಡತ್ತೆಯಿಂದ. ಎಪ್ಪತ್ತು ದಾಟಿದ್ದಾರೆ, ರೇಡಿಯೋ ನೋಡಲೆಂದೇ ಕೊಪ್ಪದಿಂದ ಬಂದಿದ್ದರು. ಗಾಜನ್ನು ಕನ್ನಡಕದ ಹತ್ತಿರ ತಂದು ನೋಡಿ ನಕ್ಕರು. ಎರಡು ಚುಕ್ಕೆ ಅಜ್ಜಯ್ಯನ ಕೆಂಪು ಶಾಯಿ. ಮೂರನೆಯದು ಅತ್ತೆ ಇಟ್ಟದ್ದು, ಉಗುರಿನ ಬಣ್ಣದಿಂದ. ಅಜ್ಜಯ್ಯ ಕೇಳಿದ್ದಕ್ಕೆ 'ಸಂಸ್ಕೃತ ಪಾಠ ಬರುತ್ತದೆ' ಎಂದಿದ್ದರಂತೆ.

ಪತ್ರಾಗಾರ
ಭಾನುವಾರ, ಬೆಳಗ್ಗೆ 7.15

ಬುಧವಾರ ರಾತ್ರಿ ಎಂಟು ಗಂಟೆಯ ಸಂಸ್ಕೃತ ಪಾಠ ಇರಬೇಕು! ರೇಡಿಯೋ ಸಿಲೋನ್, 25 ಮೀಟರ್, ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲಾ, ಅದನ್ನು ನಡೆಸಿಕೊಡುತ್ತಿದ್ದ ಅಮೀನ್ ಸಯಾನಿ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿ ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸದೆ ಆಕಾಶವಾಣಿಯಿಂದ ಅದು ಮರೆಯಾಯಿತು. ಕೊಲಂಬೊದ ಬಳಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯ ಕಟ್ಟಿಸಿದ 100 ಕಿಲೋವಾಟ್ ಟ್ರಾನ್ಸ್‌ಮಿಟರ್ ಇತ್ತು, ಇಡೀ ಭಾರತ ಅತ್ತ ಕಿವಿ ತಿರುಗಿಸಿತು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದಕ್ಕೆ ಆ ಪೆಟ್ಟೇ ಕಾರಣ. ಈಗ ಆ ಚುಕ್ಕೆಯಲ್ಲಿ ಏನು ಬಂತು?

ಅಟ್ಟದ ಇಲಿ
ಭಾನುವಾರ, ಬೆಳಗ್ಗೆ 7.30

ಏನೂ ಇಲ್ಲ, ಬರಿಯ ಜಡಿಮಳೆಯ ಸದ್ದು. ಅತ್ತೆ ಹತ್ತು ನಿಮಿಷ ಹಾಗೇ ಕೂತಿದ್ದರು. ನಾನು ದನಿ ಜೋರು ಮಾಡಲು ಹೋದರೆ ಕೈ ಹಿಡಿದು, 'ಸಣ್ಣದು ಮಾಡು, ಅಪ್ಪಯ್ಯ ಏಳುತ್ತಾರೆ' ಎಂದರು. ಹೇಳಿದ ಮೇಲೆ ತಾವೇ ನಾಲಗೆ ಕಚ್ಚಿಕೊಂಡರು.

ಸೀರೀಸ್ ಬಲ್ಬ್
ಭಾನುವಾರ, ಬೆಳಗ್ಗೆ 7.55

ಶಾರ್ಟ್ ವೇವ್‌ನಲ್ಲಿ ಡಯಲ್ ಪೂರ್ತಿ ಏನೂ ಇಲ್ಲದಿದ್ದರೆ ಬ್ಯಾಂಡ್ ಸ್ವಿಚ್ಚಿನ ತಾಮ್ರದ ನಾಲಗೆಗಳಿಗೆ ಕಿಲುಬು ಹಿಡಿದಿರುತ್ತದೆ. ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟು, ಸ್ಪಿರಿಟ್ ಹಚ್ಚಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಗಾಳದ ದಾರ ಡ್ರಾಪರ್ ರೆಸಿಸ್ಟರಿಗೆ ತಾಗದಂತೆ ನೋಡಿಕೊಳ್ಳಿ, ಅದು ಪ್ಲಾಸ್ಟಿಕ್, ಕರಗುತ್ತದೆ. ಉಗುರಿನ ಬಣ್ಣ ಇರುವ ಕಡೆ ಮಾತ್ರ ಸ್ಪಿರಿಟ್ ತಾಗಿಸಬೇಡಿ.